ಅಜ್ಜಿಗೆ ಜ್ವರವೆಂದು ಬರೆದ ಚೀಟಿ

ಬಸ್ಸು ಜಾವಗಲ್ಲಿನ ಆಚೆಯ ತಿರುವಿನಲ್ಲಿ ಮಗುಚಬಹುದಿತ್ತು. ಮಗುಚದೆ ಬರೀ ಕೆಟ್ಟು ನಿಲ್ಲಬಹುದಿತ್ತು. ಅದು ಇನ್ನೂ ಕಷ್ಟ, ಏಕೆಂದರೆ ಸತ್ತವರನ್ನು ಯಾರೂ ‘ಸ್ಕೂಲಿಗೆ ಯಾಕೆ ಹೋಗಲಿಲ್ಲ’ ಎಂದು ಕೇಳುವುದಿಲ್ಲ, ಕೆಟ್ಟು ನಿಂತ ಬಸ್ಸಿನಲ್ಲಿ ಕೂತವರನ್ನು ಕೇಳುತ್ತಾರೆ. ಕಂಡಕ್ಟರ್ ನಮ್ಮಪ್ಪನ ಹಳೆಯ ಶಿಷ್ಯನಾಗಿರಬಹುದಿತ್ತು. ಅರಸೀಕೆರೆಯ ಕೊಬ್ಬರಿ ಮಂಡಿಯ ಮುಂದೆ ನಮ್ಮ ದೊಡ್ಡಪ್ಪ ಎದುರಾಗಬಹುದಿತ್ತು. ಅವರು ಅಲ್ಲಿಗೆ ಹೋಗುತ್ತಿದ್ದುದು ವಾರಕ್ಕೊಂದೇ ದಿನ, ಯಾವ ದಿನವೆಂದು ನನಗೆ ಗೊತ್ತಿರಲಿಲ್ಲ, ಆದ್ದರಿಂದ ಏಳು ದಿನವೂ ಹೋಗುತ್ತಾರೆಂದೇ ಇಟ್ಟುಕೊಂಡಿದ್ದೆ. ರೈಲ್ವೆ ಸ್ಟೇಷನ್ನಿನ ಮೇಲ್ಸೇತುವೆ ನಾವು ಹತ್ತಿದ ಹೊತ್ತಿಗೇ ಕುಸಿಯಬಹುದಿತ್ತು. ಕಂಬಿ ಹಿಡಿದು ಬಗ್ಗಿ ನೋಡುವವಳ ದಾವಣಿಯ ಸೆರಗು ಹೋಗುವ ರೈಲಿಗೆ ಸಿಕ್ಕಿಕೊಳ್ಳಬಹುದಿತ್ತು. ಟಿಕೆಟ್ ಕಲೆಕ್ಟರ್ ಹಿಡಿದು ಪೊಲೀಸರಿಗೆ ಕೊಡಬಹುದಿತ್ತು. ಬೀಡಿಯ ಕಿಡಿ ಕೊಬ್ಬರಿ ಮೂಟೆಗೆ ತಾಕಿ ಇಡೀ ಪೇಟೆ ಹತ್ತಿಕೊಳ್ಳಬಹುದಿತ್ತು. ಕೆಂಪು ಐಸ್‌ಕ್ಯಾಂಡಿ ತಿಂದು ಮೂವರಿಗೂ ವಾಂತಿಭೇದಿ ಹಿಡಿದು, ಆಸ್ಪತ್ರೆಯವರು ಊರು ಕೇಳಿ, ನಾವು ಹೇಳಿ, ಅಲ್ಲಿಂದ ಸುದ್ದಿ ಹಳೇಬೀಡಿನ ಬಸ್‌ಸ್ಟ್ಯಾಂಡಿಗೆ ನಮಗಿಂತ ಮುಂಚೆ ತಲುಪಬಹುದಿತ್ತು.

ಇಷ್ಟನ್ನೂ ನಾನು ಮುನ್ನಾದಿನವೇ ಯೋಚಿಸಿ ಮುಗಿಸಿದ್ದೆ. ಆಗ ನನಗೆ ಹದಿನಾಲ್ಕು ತುಂಬಿ ಹದಿನೈದು. ತೊಂಬತ್ತರ ದಶಕದ ನಡುವಿನ ಮಾತು. ಇವುಗಳಲ್ಲಿ ಒಂದೂ ಆಗಲಿಲ್ಲ.

ನನ್ನ ಸ್ವಭಾವ ಈಗಲೂ ಅದೇ. ಮನೆ ಬಿಟ್ಟು ಹೊರಟರೆ ಬೀದಿಯ ಕೊನೆಯಿಂದ ವಾಪಸು ಬಂದು ಗ್ಯಾಸಿನ ತಿರುಪು ಮುಟ್ಟಿ ನೋಡುತ್ತೇನೆ. ‘ಗ್ಯಾಸ್ ನಾನು ಆಫ್ ಮಾಡಿದ್ದೀನಿ. ಮಾಡಿದ್ದನ್ನ ನೀವು ನೋಡಿದ್ದೀರಿ. ನೀವು ನೋಡಿದ್ದನ್ನ ನಾನು ನೋಡಿದ್ದೀನಿ. ಇನ್ನು ಹತ್ತಿ ಗಾಡಿ’ ಎನ್ನುತ್ತಾಳೆ ಹೆಂಡತಿ. ಹತ್ತುತ್ತೇನೆ. ಅವಳಿಗೆ ಗೊತ್ತಿಲ್ಲದ್ದು ಒಂದೇ: ನನಗೆ ಗ್ಯಾಸಿನ ಭಯವಿಲ್ಲ. ಅನಾಹುತ ಆಗದಿರಲೆಂದು ನಾನು ಮಾಡುವ ಉಪಾಯಗಳ ಭಯ.

ನಮ್ಮ ಹೈಸ್ಕೂಲು ಹಳೇಬೀಡಿನಿಂದ ಸ್ವಲ್ಪ ಹೊರಗೆ, ಬಾಡಿಗೆಯ ಹೆಂಚಿನ ಕಟ್ಟಡದಲ್ಲಿತ್ತು. ಈಗ ಆ ಶಾಲೆಯೂ ಇಲ್ಲ, ಹೆಂಚೂ ಇಲ್ಲ. ಹಿಂದೆ ಮುಳ್ಳುಬೇಲಿ, ಬೇಲಿಯಾಚೆ ಕೆರೆ. ಹುಡುಗರಿಗೆ ಬಯಲಿತ್ತು. ಹುಡುಗಿಯರಿಗೆ ಕೊನೆಯ ಕೊಠಡಿಯಿತ್ತು. ವಾರಕ್ಕೆರಡು ದಿನ ಮಧ್ಯಾಹ್ನ ಹುಡುಗರು ಬಯಲಿಗೆ ಹೋದಾಗ ಅವರು ಅಲ್ಲಿ ಕೂತು ಕರವಸ್ತ್ರದ ಮೇಲೆ ಗಿಳಿಯ ಕಸೂತಿ ಹಾಕುತ್ತಿದ್ದರು. ಮೂರು ವರ್ಷ ಒಂದೇ ಗಿಳಿ.

ಹಾಜರಿ ಪುಸ್ತಕದಲ್ಲಿ ಹುಡುಗರ ಹೆಸರು ನೀಲಿ ಶಾಯಿಯಲ್ಲಿ, ಹುಡುಗಿಯರದು ಕೆಂಪಿನಲ್ಲಿ. ಅದು ನಮ್ಮ ಶಾಲೆಯದೇ ಏರ್ಪಾಡಲ್ಲ, ಸುತ್ತಮುತ್ತ ಎಲ್ಲ ಕಡೆ ಹಾಗೇ. ಆದರೆ ಅದರಿಂದ ಆಗುತ್ತಿದ್ದುದನ್ನು ನಾನು ಗಮನಿಸಿದ್ದೆ, ಏಕೆಂದರೆ ಕ್ಲಾಸಿನ ಲೀಡರ್ ಎಂದು ಆ ಪುಸ್ತಕವನ್ನು ಆಫೀಸಿಗೆ ಒಯ್ದು ಕೊಡುತ್ತಿದ್ದವನು ನಾನು. ನೀಲಿಯಲ್ಲಿ ಹತ್ತು ಜನ ಗೈರಾದರೂ ಕಣ್ಣಿಗೆ ಬೀಳುತ್ತಿರಲಿಲ್ಲ. ಕೆಂಪಿನಲ್ಲಿ ಒಬ್ಬಳು ಗೈರಾದರೆ ಹೆಡ್‌ಮಾಸ್ಟರರ ಬೆರಳು ನೇರ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು.

ಶಿಕ್ಷೆಗೂ ಎರಡು ಬಣ್ಣ. ಹುಡುಗ ಹೇಳದೆ ಕೇಳದೆ ತಪ್ಪಿಸಿಕೊಂಡರೆ ಮರುದಿನ ಬೆತ್ತದ ನಾಲ್ಕೇಟು, ಅಲ್ಲಿಗೆ ವ್ಯವಹಾರ ಮುಗಿಯಿತು. ಮನೆಗೆ ಗೊತ್ತಾಗುತ್ತಿರಲಿಲ್ಲ. ಅಂಗೈಗೆ ಎಣ್ಣೆ ಸವರಿಕೊಂಡರೆ ಉರಿ ಕಡಿಮೆ ಎಂಬ ಜ್ಞಾನ ದೊಡ್ಡ ಹುಡುಗರಿಂದ ಚಿಕ್ಕವರಿಗೆ ಇಳಿದು ಬರುತ್ತಿತ್ತು. ಹುಡುಗಿ ತಪ್ಪಿಸಿಕೊಂಡರೆ ರಜಾ ಚೀಟಿ ತರಬೇಕು, ಅಪ್ಪನ ಸಹಿ ಬೇಕು. ಇಲ್ಲವಾದರೆ ಅಪ್ಪನನ್ನೇ ಕರೆಸುತ್ತಿದ್ದರು. ‘ನನ್ನ ಇಡೀ ಸರ್ವೀಸಲ್ಲಿ ಒಂದು ಹೆಣ್ಣುಮಗೂನ ಮೇಲೆ ಕೈ ಎತ್ತಿಲ್ಲ ಕಣ್ರೀ’ ಎಂದು ಹೆಡ್‌ಮಾಸ್ಟರರು ಹೇಳಿಕೊಳ್ಳುತ್ತಿದ್ದರು. ನಿಜವೇ. ಅವರು ಒಳ್ಳೆಯವರು. ಈ ಬರವಣಿಗೆಯಲ್ಲಿ ಕೆಟ್ಟವರು ಯಾರಾದರೂ ಇದ್ದಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಅವಳು ಎಂಟನೆಯ ತರಗತಿಗೆ ಬಂದು ಸೇರಿದಳು, ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಒಂದು ಹಳ್ಳಿಯಿಂದ. ಕಪ್ಪು, ಉದ್ದ, ನಡೆದರೆ ಓಡಿದ ಹಾಗೆ. ಹುಡುಗಿಯರ ಸಾಲಿನ ಕೊನೆಯ ಬೆಂಚು ಅವಳದು, ಹುಡುಗರ ಸಾಲಿನ ಕೊನೆಯದು ನನ್ನದು. ನಡುವೆ ಒಂದು ಓಣಿ. ಮೊದಲ ದಿನವೇ ಓಣಿ ದಾಟಿ ಬಂದ ಮಾತು: ‘ಏನ್ಲಾ, ಸ್ಕೇಲ್ ಐತಾ?’

ನಮ್ಮ ಕಡೆ ‘ಏನ್ಲಾ’ ಎಂಬುದು ಗಂಡಸರು ಗಂಡಸರೊಳಗೆ ಆಡುವ ಮಾತು. ನನ್ನ ಕಿವಿ ಬಿಸಿಯಾಯಿತು. ಸ್ಕೇಲ್ ಕೊಟ್ಟೆ. ಹುಡುಗಿಯರೆಲ್ಲ ಅವಳನ್ನು ‘ಗಂಡುಬೀರಿ’ ಎಂದರು. ಅವಳು ಅದನ್ನೂ ಒಂದು ಪದವಿಯ ಹಾಗೆ ತೆಗೆದುಕೊಂಡಳು.

ಗಿಳಿಯ ಕಸೂತಿಯ ಹೊತ್ತಿಗೆ ಅವಳು ದಾವಣಿಯನ್ನು ಸೊಂಟಕ್ಕೆ ಬಿಗಿದು ಮುಳ್ಳುಬೇಲಿ ಹಾರಿ ಕೆರೆಯ ಏರಿಗೆ ಬರುತ್ತಿದ್ದಳು. ಬಯಲಿನಿಂದ ಜಾರಿಕೊಂಡು ನಾವು ಇಬ್ಬರು ಹುಡುಗರು ಅಲ್ಲಿಗೆ ಮೊದಲೇ ಬಂದಿರುತ್ತಿದ್ದೆವು: ನಾನು, ಮತ್ತು ಪಕ್ಕದ ಬೆಂಚಿನವನೊಬ್ಬ. ಅವನು ಬೆಳಗ್ಗೆ ಹಾಜರಿ ಹೇಳಿ, ಹತ್ತು ಗಂಟೆಗೆ ದೇವಸ್ಥಾನದ ಮುಂದೆ ವಿದೇಶಿಯರಿಗೆ ಪೋಸ್ಟ್‌ಕಾರ್ಡ್ ಮಾರಲು ಹೋಗಿ, ಊಟದ ಗಂಟೆಗೆ ವಾಪಸಾಗುವವನು. ಬಸ್ತಿಹಳ್ಳಿಯ ಬಸದಿಗಳ ಹಿಂದೆ ಬೀಡಿ ಸೇದುವುದನ್ನು ನಮ್ಮ ತರಗತಿಗೆ ಕಲಿಸಿದ ಗುರು ಅವನೇ. ಅಲ್ಲಿನ ಕನ್ನಡಿಯಂತೆ ನುಣುಪಾದ ಕಲ್ಲುಕಂಬಗಳಲ್ಲಿ ಎದುರು ನಿಂತವನ ನೆರಳು ತಿರುಗಿ ಕಾಣುತ್ತದೆ. ನಾನು ಬೀಡಿ ಹಿಡಿದ ನನ್ನ ನೆರಳನ್ನು ನೋಡಿ ಹೆದರಿ ಎಸೆದಿದ್ದೆ. ಅವಳು ಎಸೆದದ್ದನ್ನು ಎತ್ತಿಕೊಂಡು ಒಂದು ದಮ್ ಎಳೆದು, ಕೆಮ್ಮದೆ, ‘ಇಷ್ಟಕ್ಕಾ ನೀವು ಒದೆ ತಿನ್ನೋದು?’ ಎಂದಿದ್ದಳು.

ಈಗ ಮಗಳ ಶಾಲೆಯ ಪೋಷಕರ ಸಭೆಗಳಿಗೆ ಹೋಗುತ್ತೇನೆ. ಯಾರೋ ಬಂದು ಮಕ್ಕಳು ಯಾಕೆ ದಾರಿ ತಪ್ಪುತ್ತಾರೆ ಎಂದು ಪರದೆಯ ಮೇಲೆ ತೋರಿಸುತ್ತಾರೆ: ಮನೆ, ಸಹವಾಸ, ಮೊಬೈಲು. ನಾನು ತಲೆದೂಗುತ್ತೇನೆ. ನಮ್ಮ ಶಾಲೆಯಲ್ಲಿ ದಾರಿ ತಪ್ಪುವುದು ಹುಡುಗರಿಗೆ ಪಾಠಪಟ್ಟಿಯಲ್ಲೇ ಸೇರಿದ್ದಂತೆ ಇತ್ತು. ನಾಲ್ಕೇಟು ಅದರ ಶುಲ್ಕ. ಅವಳು ಮಾಡಿದ್ದೂ ಅದೇ ತಪ್ಪುಗಳು. ನಮ್ಮದನ್ನು ‘ಪುಂಡಾಟ’ ಎನ್ನುತ್ತಿದ್ದರು, ಅವಳದನ್ನು ‘ನಡತೆ’ ಎನ್ನುತ್ತಿದ್ದರು. ಶಾಯಿಯ ಬಣ್ಣದ ಬಗ್ಗೆ ಆ ಪರದೆಯ ಮೇಲೆ ಯಾರೂ ಏನೂ ಬರೆದಿರುವುದಿಲ್ಲ.

ಅವಳಿಗೊಬ್ಬ ಅಣ್ಣನಿದ್ದ, ನಮಗಿಂತ ಒಂದು ತರಗತಿ ಮುಂದೆ. ಅವನು ಒಂದು ಸಲ ನಲ್ಲಿಯನ್ನು ಕಲ್ಲಿನಿಂದ ಜಜ್ಜಿ ಮುರಿದು ಟ್ಯಾಂಕಿನ ನೀರನ್ನೆಲ್ಲ ಬಯಲಿಗೆ ಹರಿಸಿದ. ಅವತ್ತು ಮಾತ್ರ ಅಪ್ಪನನ್ನು ಕರೆಸಿದರು. ಆಫೀಸಿಗೂ ನಮ್ಮ ತರಗತಿಗೂ ನಡುವೆ ಇದ್ದುದು ತೆಳು ಹಲಗೆಯ ಅಡ್ಡಗೋಡೆ. ಅಲ್ಲಿ ಸೀನಿದರೆ ಇಲ್ಲಿ ಕೇಳುತ್ತಿತ್ತು.

‘ಗಂಡು ಹುಡುಗ, ಈ ವಯಸ್ಸಲ್ಲಿ ಮಾಡ್ತವೆ. ಮನೇಲಿ ಸ್ವಲ್ಪ ಬುದ್ಧಿ ಹೇಳಿ’ ಎಂದರು ಹೆಡ್‌ಮಾಸ್ಟರರು. ‘ಅದಿರಲಿ, ನಿಮ್ಮ ಹುಡುಗಿ ಚುರುಕಾಗಿದ್ದಾಳೆ. ಓದಿಸಿ.’

‘ಓದ್ಲಿ ಸಾ, ನಾನ್ಯಾಕೆ ಬ್ಯಾಡ ಅನ್ಲಿ’ ಎಂದಿತು ಅಪ್ಪನ ದನಿ. ‘ಆದ್ರೆ ಅವಳ ಮ್ಯಾಲೆ ಇಸ್ಕೂಲಿಂದ ಒಂದ್ ಮಾತು, ಒಂದೇ ಒಂದ್ ಮಾತು ಬರ್ಲಿ, ಅವತ್ತೇ ಬಿಡಿಸ್ಬುಡ್ತೀನಿ. ಇದು ಅವಳ್ಗೂ ಗೊತ್ತು.’

ಇಡೀ ತರಗತಿ ಅವಳ ಕಡೆ ತಿರುಗಿತು. ಅವಳು ಸ್ಕೇಲಿನಿಂದ ಬೆನ್ನು ಕೆರೆದುಕೊಳ್ಳುತ್ತಿದ್ದಳು.

ಅವಳಿಗೆ ಬೇಕಾಗಿದ್ದುದು ಎಸ್ಸೆಸ್ಸೆಲ್ಸಿ ಪಾಸು. ಪಾಸಾದರೆ ಕಂಡಕ್ಟರ್ ಆಗಬಹುದೆಂದು ಬಸ್ಸಿನ ಕಂಡಕ್ಟರನೇ ಅವಳಿಗೆ ಹೇಳಿದ್ದನಂತೆ, ತಮಾಷೆಗೋ ನಿಜಕ್ಕೋ. ‘ವಿಷಲ್ ನನ್ನ ಕೈಲಿದ್ರೆ ಬಸ್ಸು ನಾನು ಹೇಳ್ದಂಗೆ ನಿಲ್ಬೇಕು, ನಾನು ಹೇಳ್ದಂಗೆ ಹೊರಡ್ಬೇಕು ಕಣ್ಲಾ’ ಎನ್ನುತ್ತಿದ್ದಳು. ಲೆಕ್ಕದಲ್ಲಿ ನನಗಿಂತ ಮುಂದಿದ್ದಳು. ಅಂಕಪಟ್ಟಿಯನ್ನು ಅಪ್ಪನ ಸಹಿ ಮಾಡಿಸಿ ವಾಪಸು ತರಬೇಕಾದಾಗ ಮಾತ್ರ ಯಾವಾಗಲೂ ಮಡಿಸಿ, ಕವುಚಿ, ಬೇರೆಯವರ ಪಟ್ಟಿಗಳ ಅಡಿಗೆ ತುರುಕಿ ಕೊಡುತ್ತಿದ್ದಳು. ಸಂಗ್ರಹಿಸುತ್ತಿದ್ದವನು ನಾನು. ಅಂಕ ಕಡಿಮೆ ಬಂದಿರಬೇಕು, ನಾಚಿಕೆ, ಎಂದುಕೊಂಡಿದ್ದೆ. ಅವಳ ಅಂಕ ನನಗೆ ಗೊತ್ತಿತ್ತು, ಕಡಿಮೆ ಇರಲಿಲ್ಲ. ಆದರೂ ಹಾಗೇ ಎಂದುಕೊಂಡಿದ್ದೆ. ಮಡಿಕೆ ಬಿಚ್ಚಿ ನೋಡುವಷ್ಟು ಕೆಟ್ಟವನೂ ನಾನಾಗಿರಲಿಲ್ಲ ಎಂಬುದು ನನ್ನ ದುರದೃಷ್ಟ.

ಒಂಬತ್ತನೆಯ ತರಗತಿಯ ಕೊನೆಯ ಹೊತ್ತಿಗೆ ಒಂದು ದಿನ ಏರಿಯ ಮೇಲೆ ಪೋಸ್ಟ್‌ಕಾರ್ಡಿನವನು ಅರಸೀಕೆರೆಯಲ್ಲಿ ರೈಲು ನೋಡಿದ ಕಥೆ ಹೇಳಿದ. ಅವಳು ರೈಲು ನೋಡಿರಲಿಲ್ಲ.

‘ನಾಳೆ ಹೋಗಾಣ’ ಎಂದಳು.

‘ನಾಳೆ?’ ಎಂದೆ ನಾನು.

‘ನಾಳೆ ಹೆಡ್‌ಮಾಸ್ಟ್ರು ಬೇಲೂರಿಗೆ ಮೀಟಿಂಗಿಗೆ ಹೋಗ್ತವ್ರೆ. ಒಂಬತ್ತರ ಬಸ್ಸಿಗೆ ಹೋಗಿ ನಾಕೂವರೆ ಒಳಗೆ ವಾಪಸ್.’

‘ನಮಗೇನು, ನಾಲ್ಕೇಟು. ನಿನ್ನ ಗತಿ?’

‘ಹೊಟ್ಟೆನೋವು.’

ಅವಳು ಅದನ್ನು ವಿವರಿಸಬೇಕಾಯಿತು. ಗಂಡು ಮೇಷ್ಟ್ರ ಹತ್ತಿರ ಹುಡುಗಿ ತಲೆ ತಗ್ಗಿಸಿ ‘ಹೊಟ್ಟೆನೋವಿತ್ತು ಸಾರ್’ ಎಂದರೆ ಅವರು ಮುಂದಕ್ಕೆ ಕೇಳುವುದಿಲ್ಲ, ಸೂರು ನೋಡುತ್ತಾರೆ, ‘ಸರಿ ಸರಿ, ಹೋಗಮ್ಮ’ ಎನ್ನುತ್ತಾರೆ. ಆಗ ಚೀಟಿಯೂ ಬೇಡ, ಸಹಿಯೂ ಬೇಡ. ಎಲ್ಲ ಹುಡುಗಿಯರಿಗೂ ಗೊತ್ತಿದ್ದ, ನಮಗೆ ಮಾತ್ರ ಗೊತ್ತಿಲ್ಲದ ದಾರಿ. ‘ನಿಮ್ಗೆ ಬೆತ್ತ ಕೊಟ್ಟವ್ರೆ, ನಮ್ಗೆ ಹೊಟ್ಟೆನೋವು ಕೊಟ್ಟವ್ರೆ’ ಎಂದು ನಕ್ಕಳು.

ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಮನೆಗೆ ಹೋದೆ. ಮೇಲೆ ಬರೆದ ಪಟ್ಟಿಯನ್ನು ಒಂದೊಂದಾಗಿ ಯೋಚಿಸಿದೆ. ಕೊನೆಗೆ ಉಳಿದ ಯೋಚನೆ: ಹೆಡ್‌ಮಾಸ್ಟರರು ಸೂರು ನೋಡದಿದ್ದರೆ? ಅಂದು ಅವರಿಗೆ ಕುತ್ತಿಗೆ ನೋವಿದ್ದರೆ?

ನಮ್ಮಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರು. ನಮ್ಮ ಮನೆಯಲ್ಲಿ ಸಹಿ ಎಂದರೆ ದೇವರ ಪಟದ ನಂತರದ ಸ್ಥಾನ. ಅಪ್ಪ ಪೆನ್ನಿನ ಮುಚ್ಚಳ ತೆಗೆದು, ಗಾಳಿಯಲ್ಲಿ ಎರಡು ಸಲ ಸುತ್ತಿ, ಆಮೇಲೆ ಕಾಗದಕ್ಕೆ ಇಳಿಸುತ್ತಿದ್ದರು: ಇನಿಷಿಯಲ್ಲು, ಹೆಸರು, ಕೆಳಗೊಂದು ಗೆರೆ, ಗೆರೆಯ ಕೆಳಗೆ ಎರಡು ಚುಕ್ಕೆ. ಅಪ್ಪ ಎಂದಮೇಲೆ ಸಹಿ ಇರುತ್ತದೆ; ಮೀಸೆ ಇದ್ದ ಹಾಗೆ. ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ಕೂತು, ಮಗ್ಗಿ ಬರೆಯುವವನ ಮುಖ ಮಾಡಿಕೊಂಡು, ಒಂದು ರಜಾ ಚೀಟಿ ಬರೆದೆ. ‘ನನ್ನ ಮಗಳು ತನ್ನ ಅಜ್ಜಿಗೆ ತೀವ್ರ ಜ್ವರವಿದ್ದ ಕಾರಣ ಈ ದಿನ ಶಾಲೆಗೆ ಹಾಜರಾಗಲು ಸಾಧ್ಯವಿಲ್ಲ. ದಯವಿಟ್ಟು ಮನ್ನಿಸಬೇಕಾಗಿ ಪ್ರಾರ್ಥನೆ.’ ‘ತೀವ್ರ’ ಎಂಬುದನ್ನು ಆಮೇಲೆ ಸೇರಿಸಿದೆ. ಅವಳಪ್ಪನ ಹೆಸರನ್ನು ಹಾಜರಿ ಪುಸ್ತಕದಲ್ಲಿ ನೋಡಿಕೊಂಡಿದ್ದೆ. ಕೈಯನ್ನು ಗಾಳಿಯಲ್ಲಿ ಎರಡು ಸಲ ಸುತ್ತಿದೆ.

ಬೆಳಗ್ಗೆ ಬಸ್ಸಿಗೆ ಮುಂಚೆ ಶಾಲೆಯ ಕಡೆ ಹೋಗಿ, ಆಫೀಸಿನ ಕಿಟಕಿಯಲ್ಲಿ ಚೀಟಿಗಳಿಗೆಂದೇ ಇಟ್ಟಿದ್ದ ಬಿಸ್ಕತ್ತಿನ ಡಬ್ಬದೊಳಗೆ ಅದನ್ನು ಹಾಕಿ ಬಂದೆ. ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ‘ಪುಕ್ಲ’ ಎಂದು ನಗುತ್ತಿದ್ದಳು. ಮುಂದೆಂದಾದರೂ ಉಪಯೋಗಕ್ಕೆ ಬಂದಾಗ ಹೇಳೋಣ, ಆಗ ಅವಳ ಮುಖ ಹೇಗಿರುತ್ತದೆ ನೋಡೋಣ, ಎಂಬ ಆಸೆಯೂ ಇತ್ತು. ಹದಿನೈದರ ಹುಡುಗನಿಗೆ ಇರಬಹುದಾದ ಆಸೆ. ಅದಕ್ಕಿಂತ ಹೆಚ್ಚೇನೂ ಇರಲಿಲ್ಲ ಎಂದು ಬರೆಯಲು ಹೊರಟರೆ ಪೆನ್ನು ನಿಲ್ಲುತ್ತದೆ, ಇರಲಿ.

ಒಂಬತ್ತರ ಬಸ್ಸು ಹತ್ತಿದ ತಕ್ಷಣ ಕಂಡಕ್ಟರ್ ಕೇಳಿದ, ‘ಏನ್ರಪ್ಪಾ, ಇಸ್ಕೂಲ್ ಇಲ್ವಾ ಇವತ್ತು?’

ಅವಳು ಕಣ್ಣು ಮಿಟುಕಿಸದೆ, ‘ಅಜ್ಜಿ ತೀರ್ಕಂಡ್ರು ಕಣಣ್ಣ, ಅರಸೀಕೆರೇಲಿ. ಇವ್ರಿಬ್ರೂ ನಮ್ ಚಿಕ್ಕಪ್ಪನ ಮಕ್ಳು’ ಎಂದಳು.

ನಾನು ಡಬ್ಬದಲ್ಲಿ ಬರೀ ಜ್ವರದಲ್ಲಿ ಮಲಗಿಸಿ ಬಂದಿದ್ದ ಅಜ್ಜಿಯನ್ನು ಇವಳು ಅರ್ಧ ಗಂಟೆಯೊಳಗೆ ಸಾಯಿಸಿದ್ದಳು. ಪೋಸ್ಟ್‌ಕಾರ್ಡಿನವನು ಅಳುಮುಖ ಮಾಡಿದ. ಕಂಡಕ್ಟರ್ ಪಾಪ ಎಂದು ಮುಂದಿನ ಸೀಟು ಬಿಡಿಸಿಕೊಟ್ಟ.

‘ಹಂಗ್ಯಾಕ್ಲಾ ಬೆವರ್ತಿದ್ದೀಯ?’ ಎಂದಳು ನನ್ನ ಕಿವಿಯಲ್ಲಿ.

‘ನಿಂಗೆ ನಿಜವಾಗ್ಲೂ ಅಜ್ಜಿ ಇದ್ದಾರಾ?’

‘ನಾನು ಹುಟ್ಟೋಕೆ ಮುಂಚೇನೇ ಹೋಗವ್ರೆ. ಸುಳ್ಳೇನು ಹೇಳಿಲ್ವಲ್ಲ.’

ಅರಸೀಕೆರೆ ಕೊಬ್ಬರಿಯ ಜಿಡ್ಡು ವಾಸನೆಯಿಂದ ಶುರುವಾಗುತ್ತದೆ. ದೊಡ್ಡಪ್ಪ ಎದುರಾಗಲಿಲ್ಲ. ಸೇತುವೆ ಕುಸಿಯಲಿಲ್ಲ. ಮೇಲೆ ನಿಂತು ಮುಕ್ಕಾಲು ಗಂಟೆ ಕಾದೆವು. ಕೊನೆಗೆ ಗೂಡ್ಸ್ ಗಾಡಿಯೊಂದು ಬಂತು, ನಿಲ್ಲದೆ, ಉದ್ದಕ್ಕೆ, ಮುಗಿಯದ ಹಾಗೆ. ಸೇತುವೆ ನಡುಗಿತು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವಳು ಕಂಬಿಯ ಮೇಲೆ ಅಂಗೈಗಳನ್ನು ಒತ್ತಿ ಹಿಡಿದು, ನಡುಕವನ್ನು ಕೈಯಿಂದ ಕೇಳುತ್ತಿರುವವಳಂತೆ ನಿಂತಿದ್ದಳು. ದಾವಣಿಯ ಸೆರಗನ್ನು ಮೊದಲೇ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ನನಗೆ ಹೊಳೆದಿದ್ದ ಅಪಾಯ ಅವಳಿಗೂ ಹೊಳೆದಿತ್ತು, ಅವಳು ಒಂದು ಗಂಟು ಹಾಕಿ ಮುಗಿಸಿದ್ದಳು, ಅಷ್ಟೆ.

ಗಾಡಿ ಹೋದ ಮೇಲೆ, ‘ಕಂಡಕ್ಟ್ರು ಬ್ಯಾಡ’ ಎಂದಳು. ‘ಇದನ್ನೇ ಓಡಿಸ್ತೀನಿ.’

‘ಓಡಿಸ್ತಾಳಂತೆ! ಹೆಂಗುಸ್ರಿಗೆ ಕೊಡಲ್ಲ ಕಣೇ’ ಎಂದ ಪೋಸ್ಟ್‌ಕಾರ್ಡಿನವನು.

‘ಹತ್ನೇ ಕ್ಲಾಸ್ ಪಾಸಾಗ್ಲಿ ತಡಿ, ಯಾರು ಕೊಡಲ್ಲ ಅಂತಾರೋ ಅವ್ರನ್ನೇ ಕೇಳ್ತೀನಿ.’

ಐಸ್‌ಕ್ಯಾಂಡಿ ತಿಂದೆವು. ವಾಂತಿಯಾಗಲಿಲ್ಲ. ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಹಳೇಬೀಡಿನಲ್ಲಿ ಇಳಿದೆವು. ಅವಳು ಅಲ್ಲಿಂದಲೇ ತನ್ನ ಊರಿನ ಬಸ್ಸು ಹತ್ತಿದಳು.

ಆಮೇಲಿನ ವರ್ಷಗಳಲ್ಲಿ ಅರಸೀಕೆರೆಯಲ್ಲಿ ರೈಲು ಹಿಡಿಯುವಾಗೆಲ್ಲ ಆ ಸೇತುವೆ ದಾಟಬೇಕಾಗಿ ಬಂದಿದೆ. ಒಮ್ಮೆ, ಎರಡು ಸಾವಿರದ ಇಸವಿಯ ಆಚೆಗೆ, ಕೆಳಗೆ ಸಾಗುವ ಗೂಡ್ಸ್ ಗಾಡಿಯತ್ತ ಬಗ್ಗಿ ನಿಂತ ಒಬ್ಬ ಹೆಂಗಸನ್ನು ಕಂಡೆ. ಉದ್ದ, ಕಪ್ಪು, ಎರಡೂ ಅಂಗೈ ಕಂಬಿಯ ಮೇಲೆ. ಕಾಲ ಬಳಿ ಒಂದು ಚೀಲ. ಕರೆಯಬಹುದಿತ್ತು. ತಿರುಗಿದರೆ ಬೇರೆ ಯಾರೋ ಆಗಿರಬಹುದೆಂಬ ಭಯ, ಅವಳೇ ಆಗಿರಬಹುದೆಂಬ ಭಯ. ಗಾಡಿ ಮುಗಿಯುವ ಮುನ್ನ ಇಳಿದುಬಿಟ್ಟೆ. ಅಂದಿನಿಂದ ಆ ಮೆಟ್ಟಿಲು ಹತ್ತುವಾಗ ಹಿಂದಿನಿಂದ ‘ಏನ್ಲಾ’ ಎಂದು ಯಾರು ಯಾರನ್ನೇ ಕರೆಯಲಿ, ನನ್ನ ಹೆಜ್ಜೆ ತಪ್ಪುತ್ತದೆ.

ಅರಸೀಕೆರೆಗೆ ಹೋಗಿಬಂದ ಮರುದಿನ ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ ಹೆಡ್‌ಮಾಸ್ಟರರು ಹಿಂದಿನ ದಿನದ ಗೈರುಗಳನ್ನು ಒಳಗೆ ಕರೆದರು. ಪೋಸ್ಟ್‌ಕಾರ್ಡಿನವನಿಗೆ ನಾಲ್ಕು, ನನಗೆ ನಾಲ್ಕು. ‘ಲೀಡರ್ ಆಗಿ ನಾಚಿಕೆ ಇಲ್ವೇನೋ?’ ಎಂದು ಅದಕ್ಕೊಂದು ಸೇರಿಸಿದರು. ‘ಮುಗೀತು, ನಡೀರಿ.’ ನಾವು ಬಾಗಿಲ ಹತ್ತಿರ ಕೈ ಊದಿಕೊಳ್ಳುತ್ತ ನಿಂತೆವು.

‘ನಿಂದೇನಮ್ಮ?’

‘ಹೊಟ್ಟೆನೋವಿತ್ತು ಸಾರ್.’

ಹೆಡ್‌ಮಾಸ್ಟರರು ಸೂರು ನೋಡಿದರು. ಕುತ್ತಿಗೆ ಚೆನ್ನಾಗಿಯೇ ಇತ್ತು. ‘ಸರಿ ಸರಿ, ಹೋಗಮ್ಮ.’

ಅವಳು ತಿರುಗಿ ಎರಡು ಹೆಜ್ಜೆ ಇಟ್ಟಳು. ನನ್ನನ್ನು ನೋಡಿ, ಕಂಡೂ ಕಾಣದ ಹಾಗೆ ಹುಬ್ಬು ಹಾರಿಸಿದಳು. ಆಗ ಜವಾನ ಬಿಸ್ಕತ್ತಿನ ಡಬ್ಬ ಹಿಡಿದು ಒಳಗೆ ಬಂದ. ‘ಸಾ, ನೀವು ನಿನ್ನೆ ಇರ್ಲಿಲ್ವಲ್ಲ, ಇದ್ರಲ್ಲಿ ಒಂದು ಚೀಟಿ ಐತೆ.’

ಹೆಡ್‌ಮಾಸ್ಟರರು ಓದಿದರು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ಓದಿದರು.

‘ಹೊಟ್ಟೆನೋವು ನಿಂಗೋ, ಜ್ವರ ನಿಮ್ಮಜ್ಜಿಗೋ?’

ಅವಳಿಗೆ ಅರ್ಥವಾಗಲಿಲ್ಲ. ಅವರು ಚೀಟಿಯನ್ನು ಅವಳ ಕಡೆ ತಿರುಗಿಸಿ ಹಿಡಿದರು. ಅವಳು ಓದಿದಳು. ಕಣ್ಣು ಕೊನೆಯ ಸಾಲಿಗೆ ಇಳಿದು, ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ತಲೆ ಎತ್ತಿ ನನ್ನನ್ನು ನೋಡಿದಳು. ಕೋಪವಿರಲಿಲ್ಲ. ನಾನು ಕಾಣಬೇಕೆಂದುಕೊಂಡಿದ್ದ ಮುಖ ಅದಲ್ಲ ಎಂಬುದು ಮಾತ್ರ ನನಗೆ ತಿಳಿಯಿತು. ಎರಡು ಕಾರಣ ಹೊಂದಲಿಲ್ಲ, ಅದಕ್ಕೇ ಹೀಗೆ ನೋಡುತ್ತಿದ್ದಾಳೆ ಎಂದುಕೊಂಡೆ.

‘ಯಾರು ಬರೆದದ್ದು ಇದು?’

ನನ್ನ ಬಾಯಿಯಲ್ಲಿ ವಾಕ್ಯ ಸಿದ್ಧವಿತ್ತು: ನಾನು ಸಾರ್. ಎರಡೇ ಪದ. ಅದನ್ನು ಹೇಳಿದರೆ ಏನೇನಾಗಬಹುದು ಎಂದು ಯೋಚಿಸತೊಡಗಿದೆ. ಹುಡುಗ ಹುಡುಗಿಗೆ ಚೀಟಿ ಬರೆದುಕೊಟ್ಟ ಎಂದರೆ ಅವಳಿಗೆ ಇನ್ನೂ ಕೆಡುಕಲ್ಲವೇ? ನಮ್ಮಪ್ಪನ ಕಿವಿಗೆ ಬಿದ್ದರೆ? ಯೋಚನೆ ಮುಗಿಯುವಷ್ಟರಲ್ಲಿ ಅವಳು, ‘ನಾನೇ ಸಾರ್’ ಎಂದಳು.

ಹಾಗೆಂದು, ಬಲಗೈ ಮುಂದೆ ಚಾಚಿದಳು. ಅಂಗೈ ಮೇಲೆ ಮಾಡಿ, ಬೆರಳು ಜೋಡಿಸಿ, ನಮ್ಮನ್ನು ನೋಡಿ ಕಲಿತ ಹಾಗೇ.

‘ನಂಗೂ ಹೊಡೀರಿ ಸಾರ್. ಎಂಟು ಹೊಡೀರಿ.’

‘ಹೆಣ್ಣುಮಕ್ಕಳ ಮೇಲೆ ನಾನು ಕೈ ಮಾಡಲ್ಲ.’

‘ಹತ್ತು ಹೊಡೀರಿ ಸಾರ್.’ ಕೈಯನ್ನು ಇನ್ನಷ್ಟು ಮುಂದೆ ಚಾಚಿದಳು. ‘ಅಪ್ಪನ್ನ ಕರೆಸ್ಬ್ಯಾಡಿ.’

ಹೆಡ್‌ಮಾಸ್ಟರರು ಬೆತ್ತವನ್ನು ಬೀರುವಿನ ಮೇಲಿಟ್ಟರು. ಅವರ ದನಿ ನಿಜಕ್ಕೂ ಮೃದುವಾಗಿತ್ತು. ‘ನಾಳೆ ನಿಮ್ಮಪ್ಪನ್ನ ಬರೋಕೆ ಹೇಳಮ್ಮ. ಈ ಸಹಿ ನಿಮ್ಮದೇನಾ ಅಂತ ಒಂದು ಮಾತು ಕೇಳಿ ಕಳಿಸ್ತೀನಿ, ಅಷ್ಟೆ.’

ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಈಗ ನನ್ನದು ಕಚೇರಿಯ ಕೆಲಸ. ದಿನವಿಡೀ ಕೌಂಟರಿನ ಆ ಬದಿಯಿಂದ ಜನ ಕೈ ಚಾಚುತ್ತಾರೆ, ರಸೀದಿಗೆ, ಅರ್ಜಿಗೆ, ಚಿಲ್ಲರೆಗೆ. ಕೆಲವೊಮ್ಮೆ ಮುಖ ನೋಡದೆ ಅಂಗೈ ಮಾತ್ರ ಕಂಡಾಗ ನಾನು ಕೊಡಬೇಕಾದದ್ದನ್ನು ಕೊಡದೆ ಕೂತುಬಿಡುತ್ತೇನೆ. ‘ಸಾರ್?’ ಎನ್ನುತ್ತಾರೆ. ಆ ಕೈಬರಹ ಯಾರದೆಂದು ಹೆಡ್‌ಮಾಸ್ಟರರಿಗೆ ಗೊತ್ತಾಗಿತ್ತೋ ಇಲ್ಲವೋ ಇಂದಿಗೂ ನನಗೆ ತಿಳಿಯದು. ಶಾಲೆಯ ಬೋರ್ಡಿನ ಮೇಲೆ ದಿನದ ವಾರ್ತೆ ಬರೆಯುತ್ತಿದ್ದವನು ನಾನೇ. ಅವರು ದಿನಾ ಓದುತ್ತಿದ್ದರು.

ಮರುದಿನ ಹತ್ತೂವರೆಗೆ ಅವಳಪ್ಪ ಬಂದರು. ಅವಳು ಬಂದು ತನ್ನ ಬೆಂಚಿನಲ್ಲಿ ಕೂತಿದ್ದಳು, ಚೀಲ ತೊಡೆಯ ಮೇಲೆ. ಭೂಗೋಳದ ಪಾಠ. ಅಡ್ಡಗೋಡೆಯ ಆಚೆ ಕುರ್ಚಿ ಎಳೆದ ಸದ್ದು. ಹೆಡ್‌ಮಾಸ್ಟರರು ಅಜ್ಜಿಯ ಜ್ವರವನ್ನು ಓದಿ ಹೇಳಿದ್ದು ಕೇಳಿಸಿತು. ‘ಕೂತ್ಕೊಳ್ಳಿ, ಕೂತ್ಕೊಳ್ಳಿ. ದೊಡ್ಡ ವಿಷಯ ಏನಲ್ಲ. ಇಲ್ಲಿ ಕೆಳಗಿರೋ ಸಹಿ ನಿಮ್ಮದೇನಾ, ಅಷ್ಟು ಹೇಳಿಬಿಡಿ.’

ಹೌದು ಎನ್ನಿ, ಹೌದು ಎನ್ನಿ ಎಂದು ನಾನು ಬೆಂಚಿನ ಅಂಚು ಹಿಡಿದು ಕೂತಿದ್ದೆ. ಮಗಳಿಗಾಗಿ ಅಷ್ಟು ಸುಳ್ಳು ಹೇಳಲಾರರೇ? ನೋಡದೆ ಹಾಕಿದ ಸಹಿ ಅವರದನ್ನು ಹೋಲುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೆ ಯಾರ ಸಹಿ ತಾನೇ ದಿನಾ ಒಂದೇ ಥರ ಇರುತ್ತದೆ?

‘ನಂಗೆಲ್ಲೈತೆ ಸಾ ಸಹಿ?’ ಎಂದರು ಅವರು. ‘ನಂದು ಹೆಬ್ಬೆಟ್ಟು.’

ಓಣಿಯ ಆಚೆ ಅವಳು ತಲೆ ತಗ್ಗಿಸಿ ಚೀಲದ ದಾರವನ್ನು ಗಂಟು ಹಾಕುತ್ತಿದ್ದಳು, ರೈಲು ಬರುವ ಮುಂಚೆ ಸೆರಗಿಗೆ ಹಾಕಿದ ಹಾಗೆ, ಬಿಗಿಯಾಗಿ, ಒಂದೇ ಗಂಟು. ಕವುಚಿ ಕೊಟ್ಟ ಅಂಕಪಟ್ಟಿಗಳೆಲ್ಲ ನನ್ನ ಕಣ್ಣ ಮುಂದೆ ಒಂದೊಂದಾಗಿ ಮಗುಚಿಕೊಂಡವು.

‘ಒಂದ್ ಮಾತು ಬಂದ್ರೆ ಬಿಡಿಸ್ತೀನಿ ಅಂದಿದ್ದೆ ಸಾ. ಬಂತಲ್ಲ. ಅದೇನ್ ಬರೀಬೇಕೋ ಬರ್ಕಳಿ, ಒತ್ತಿ ಹೋಯ್ತೀನಿ.’

ಜವಾನ ಶಾಯಿಯ ಪ್ಯಾಡಿನ ತಗಡಿನ ಮುಚ್ಚಳ ತೆರೆದ ಸದ್ದು ಕೇಳಿಸಿತು.

ಬಸ್ಸು ಮಗುಚಿರಲಿಲ್ಲ. ಸೇತುವೆ ಕುಸಿದಿರಲಿಲ್ಲ. ಸಹಿಯೇ ಇಲ್ಲದ ಮನುಷ್ಯನಿಗೆ ನಾನೊಂದು ಸಹಿ ಮಾಡಿಕೊಟ್ಟಿದ್ದೆ, ಕೆಳಗೆ ಗೆರೆ ಎಳೆದು, ಎರಡು ಚುಕ್ಕೆ ಇಟ್ಟು.